ಅಂಬರ್ಕರ್ ಅಂಡ್ ಸನ್ಸ್

ಐದನೇ ಕಂತು, ಮೂವತ್ತೊಂದನೇ ನಿಮಿಷ.
ಮುದುಕ ವೀರ ಏದುಸಿರು ಬಿಡುತ್ತ
ಹೆಗಲ ಕೆಂಪು ಬಿಚ್ಚಿ
ಹುಡುಗಿಯ ಕೈಗಿಡುತ್ತಾನೆ.
ಮರುಗಳಿಗೆ ಅವಳು ಹಾರುತ್ತಿದ್ದಾಳೆ,
ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ,
ಅಳೆದು ಕೊಯ್ದಂತೆ ಕೂತಿದೆ ಅಂಗಿ.

ಮೊಬೈಲು ನನ್ನ ಮುಖಕ್ಕೆ ಹಿಡಿದು
'ಹೆಂಗೈತೆ ಅಕ್ಕ?' ಅಂದಳು ಶಗುಫ್ತಾ.
ನನಗೆ ಒಂದೇ ಅನುಮಾನ:
ನಡುವೆ ಹೊಲಿಗೆ ಬಿಚ್ಚಿದ್ದು ಯಾರು?
ಆರಡಿ ಗಂಡಸಿನ ಬೆನ್ನನ್ನು
ಹದಿನಾರರ ಬೆನ್ನಿಗೆ ತಂದವರು ಯಾರು?
ಆ ಕಥೆಯ ಊರಲ್ಲಿ
ಆಕಾಶ ಮುಟ್ಟುವ ಕಟ್ಟಡ ನೂರಿವೆ,
ದರ್ಜಿಯಂಗಡಿ ಒಂದೂ ಇಲ್ಲ.

ಹುಡುಗಿ ನಮ್ಮ ಕಡೆಯವಳಂತೆ.
ಯಾವ ಕಡೆ ಅಂತ ಯಾರೂ ಹೇಳಿಲ್ಲ.
ಮೂಗಿಗೊಂದು ನತ್ತು, ಬಾಗಿಲಿಗೊಂದು ತೋರಣ,
ಅಜ್ಜಿ ದಿನವೂ ಜರಿ ಸೀರೆಯುಟ್ಟೇ ಪಾತ್ರೆ ತೊಳೆಯುತ್ತಾಳೆ.
ಸಿಟ್ಟು ನೆತ್ತಿಗೇರಿದಾಗಲೂ ಆ ಹುಡುಗಿ, ಕನ್ನಡದಲ್ಲಿ,
'ಎಲೈ ದುಷ್ಟನೇ, ನಿನ್ನನ್ನು ನಾನು ಬಿಡಲಾರೆನು.'
ಶಗುಫ್ತಾ ಬಿದ್ದು ಬಿದ್ದು ನಕ್ಕಳು.
'ನಮ್ಮ ಭಟ್ಟಿ ಓಣ್ಯಾಗೆ ಹಿಂಗಂದ್ರೆ
ಕಳ್ಳ ಓಡೋದು ಬಿಟ್ಟು ನಿಂತ್ಕಂಡು ನಗ್ತಾನೆ.'
ಆದರೂ ಮೂರು ಸಲ ನೋಡಿದ್ದಾಳೆ.
ಪರದೆಯ ಪಕ್ಕಕ್ಕೆ ತನ್ನ ಮುಂಗೈ ಇಟ್ಟು
'ಬಣ್ಣ ಒಂದೇ ನೋಡ್ರಿ' ಅಂದಳು.
ನೋಡಿದೆ. ಹೆಚ್ಚುಕಮ್ಮಿ ಒಂದೇ.

ಚೀಲದಿಂದ ತೆಗೆದದ್ದು ಅಣ್ಣನ ಅಂಗಿ.
ಏಳು ವರ್ಷದ ಹಿಂದೆ, ಸ್ಕೂಲ್ ಡೇಗೆ,
ಹತ್ತು ವರ್ಷದ ದಸ್ತಗೀರನಿಗೆ ನಾನೇ ಹೊಲಿದದ್ದು.
ಆಗ ಆ ಮುದುಕ ಇನ್ನೂ ಗಟ್ಟಿಯಾಗಿ ಹಾರುತ್ತಿದ್ದ.
ಈಗ ದಸ್ತಗೀರನಿಗೆ ಮೀಸೆ,
ಬೆಳಗಿನ ಜಾವಕ್ಕೆ ಮಂಡಕ್ಕಿ ಚೀಲ ಹೊಲಿಯುತ್ತಾನೆ.
ಅಂಗಿ ಕೊಡುವಾಗ ಅಂದನಂತೆ,
'ಹರಿದ್ರೆ ಒದೀತೀನಿ.'
ಅಷ್ಟಕ್ಕೇ ಪರದೆಯ ಮುದುಕ
ಆರು ನಿಮಿಷ ಮಾತಾಡಿದ್ದ.

ಬ್ಲೇಡಿನ ಮೂಲೆಯಿಂದ ಪಕ್ಕೆ ಬಿಚ್ಚಿದೆ.
ಒಳಗೆ ಎರಡೆರಡು ಬೆರಳು ಬಟ್ಟೆ ಮಡಿಚಿಟ್ಟಿದ್ದೆ ಅವತ್ತು.
ಅಪ್ಪನ ಪಾಠ: ಒಳಗೆ ಬಟ್ಟೆ ಬಿಡು,
ಗಿರಾಕಿಗೆ ಹೇಳಬೇಡ.
ಬಿಸಿಲು ಕಾಣದ ಆ ಪಟ್ಟಿ
ತಾನಿನಿಂದ ಕೊಯ್ದ ದಿನದ ಕೆಂಪಲ್ಲೇ ಇತ್ತು.
ಉಳಿದದ್ದೆಲ್ಲ ಏಳು ವರ್ಷದ ಸೋಪಿಗೆ
ಇಟ್ಟಿಗೆ ಬಣ್ಣಕ್ಕಿಳಿದಿತ್ತು.

'ಅಯ್ಯೋ, ಗೆರೆ ಕಾಣ್ತೈತೆ.'
ಕಾಣ್ತೈತೆ.
'ಮುಚ್ಚಾಕಾಗಲ್ವಾ?'
ಲೇಸು ಹಾಕಬಹುದು, ಹತ್ತು ರೂಪಾಯಿ ಜಾಸ್ತಿ.
ಕನ್ನಡಿ ಮುಂದೆ ಎರಡೂ ಕೈ ಎತ್ತಿದಳು.
ಪಕ್ಕೆಯ ಕೆಂಡದ ಗೀಟುಗಳನ್ನು
ಎಡಕ್ಕೊಮ್ಮೆ ತಿರುಗಿ ನೋಡಿದಳು, ಬಲಕ್ಕೊಮ್ಮೆ.
'ಬ್ಯಾಡ ಬಿಡ್ರಿ. ಹಾರುವಾಗ ಚಂದ ಕಾಣ್ತೈತೆ.'
ಎಲ್ಲಿಂದ ಹಾರ್ತೀಯೆ?
'ಸ್ಟೇಜ್ ಮ್ಯಾಲಿನ ಬೆಂಚಿಂದ.'

ಬೆನ್ನಿನದು ಸೈಕಲ್ ಚೈನಿಗೆ ಸಿಗ್ತದಂತೆ,
ಒಂದೂವರೆ ಗೇಣು ಕತ್ತರಿಸಬೇಕು,
ಮಿಕ್ಕಿದ್ದು ತಲೆಗೆ ಸ್ಕಾರ್ಫು.
'ಪರದೆಯವಳಿಗೆ ಸ್ಕಾರ್ಫ್ ಇಲ್ಲವಲ್ಲೆ.'
'ಅವಳಿಗಿಲ್ಲ. ನಂಗೈತೆ.'
ಕತ್ತರಿ ತೆಗೆದೆ, ಅಪ್ಪನದು.
ಹೆಬ್ಬೆರಳ ಉಂಗುರ ನನಗೆ ದೊಡ್ಡದು.
ಹದಿನೆಂಟು ವರ್ಷದಿಂದ
ಅದಕ್ಕೆ ಚಿಂದಿ ಸುತ್ತಿಕೊಂಡೇ ಕೊಯ್ಯುತ್ತಿದ್ದೇನೆ.
ವರ್ಷಕ್ಕೊಮ್ಮೆ ಚಿಂದಿ ಬದಲಾಗುತ್ತದೆ.

ಚೌಕಿಪೇಟೆಯಲ್ಲಿ ಕರೆಂಟು ಹೋಗಿ
ಅಂಗಡಿಗಳೆಲ್ಲ ಒಂದು ಗಳಿಗೆ ಸುಮ್ಮನಾದವು.
ನನ್ನದು ಕಾಲಿನ ಮಿಷಿನ್ನು, ತುಳಿಯುತ್ತಲೇ ಇದ್ದೆ.
ಹೊಸ್ತಿಲಾಚೆ ನಿಂತು, ಕತ್ತು ಮೇಲೆತ್ತಿ,
ಬೋರ್ಡು ಓದಿದಳು ಅಕ್ಷರ ಅಕ್ಷರವಾಗಿ:
'ಅಂಬರ್ಕರ್... ಅಂಡ್... ಸನ್ಸ್.
ಸನ್ಸ್ ಯಾರಕ್ಕ?'

ಬಾಬಿನ್ ಖಾಲಿಯಾಗಿತ್ತು.
ದಾರ ಸುತ್ತುತ್ತ ಅಂದೆ, ನಾನೇ.

ಹೌದಾ ಅನ್ನಲಿಲ್ಲ, ನಗಲಿಲ್ಲ.
ಎಂಬತ್ತಕ್ಕೆ ಐವತ್ತು ಎಣಿಸಿಟ್ಟಳು.
ಉಳಿದದ್ದು ಮಂಡಕ್ಕಿಯಲ್ಲಿ,
ಶುಕ್ರವಾರ.